ಆರನೆಯ ಡಬ್ಬಿ

ಅಕ್ಟೋಬರ್ 6, ಸೋಮವಾರ. ಬೆಳಿಗ್ಗೆ 5-50

ಗುಳಿಗೆ ತೆಗೆದುಕೊಂಡೆ. ಬಿಳಿಯದು ಒಂದು, ಹಳದಿಯದು ಅರ್ಧ. ಗ್ಯಾಸ್ ಬಂದ್ ಮಾಡಿದೆ. ಎರಡು ಸಲ ನೋಡಿದೆ. ಮೂರನೆಯ ಸಲ ನೋಡಲು ಹೋದಾಗ ಅಡುಗೆಮನೆಯಲ್ಲಿ ಮಗಳು ಪದ್ಮಶ್ರೀ ನಿಂತಿದ್ದಳು. "ಬಂದ್ ಐತಿ ಬಿಡಪಾ" ಅಂದಳು. ನಗಲಿಲ್ಲ. ನಕ್ಕು ಅಂದಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

ತಾರೀಖು, ಟೈಮು ಹಾಕಿ ಎಲ್ಲ ಬರೆದಿಡಿ ಎಂದಿದ್ದಾರೆ ಡಾಕ್ಟರು. ಹೋದ ತಿಂಗಳು ಎರಡು ಸಲ ಗ್ಯಾಸ್ ಉರಿಯುತ್ತಾ ಬಿಟ್ಟು ಬಂದೆ. ಒಮ್ಮೆ ಹುನಗುಂದದಿಂದ ಬರುವಾಗ ನಮ್ಮ ನವನಗರದ ಸ್ಟಾಪ್ ದಾಟಿ ಹೋದೆ. ಅಷ್ಟೇ. ಅಷ್ಟಕ್ಕೇ ಈ ನೋಟ್‌ಬುಕ್. ಮೆಮೊರಿ ನಾಟ್ ಅಪ್ ಟು ದಿ ಮಾರ್ಕ್.

ಇವತ್ತು ಬಿತ್ತನೆ. ಹದಿನೆಂಟು, ಹತ್ತೊಂಬತ್ತಕ್ಕೆ ತುಳಸಿಗೇರಿ ರಸ್ತೆಯ ಬಯಲಿನಲ್ಲಿ ಕೃಷಿ ಪ್ರದರ್ಶನ. ಪದ್ಮಶ್ರೀ ಮತ್ತು ಅಳಿಯ ಪ್ರವೀಣಕುಮಾರ ಎರಡು ವರ್ಷ ಒದ್ದಾಡಿ ತಯಾರು ಮಾಡಿದ ಪ್ಲಾಂಟರ್ ಮೊದಲ ಸಲ ಜನರ ಮುಂದೆ ನಿಲ್ಲುತ್ತದೆ. ಟ್ರ್ಯಾಕ್ಟರ್ ಹಿಂದೆ ಕಟ್ಟುವ ಮಷಿನ್. ಆರು ಡಬ್ಬಿ, ಆರು ಕೊಳವೆ, ಒಮ್ಮೆಗೆ ಆರು ಸಾಲು ಬಿತ್ತುತ್ತದೆ. ಬರೀ ಕಬ್ಬಿಣ ತೋರಿಸಿದರೆ ಯಾರು ನಂಬುತ್ತಾರೆ? ಪ್ರದರ್ಶನಕ್ಕೆ ಮುಂಚೆಯೇ ಪಕ್ಕದ ಹೊಲದಲ್ಲಿ ಬಿತ್ತಿ, ಆ ದಿನ ಮೊಳಕೆಯ ಸಾಲುಗಳನ್ನೇ ತೋರಿಸಬೇಕು ಅಂದವನು ನಾನು. ಮೈ ಓನ್ ಐಡಿಯಾ. ಹಾಗಾಗಿ ಬಿತ್ತುವುದೂ ನನ್ನ ತಲೆಯ ಮೇಲೆ.

ಗಂಡ-ಹೆಂಡತಿ ಇಬ್ಬರೂ ಪಾರ್ಟ್ ತರಲು ಇಳಕಲ್ಲಿಗೆ ಹೊರಟಿದ್ದಾರೆ. ಹೊಲಕ್ಕೆ ನಾನು ಮತ್ತು ಡ್ರೈವರ್ ಚಮನಸಾಬ. "ಆಗತೈತಿಲ್ಲೋ ಅಪ್ಪಾ ನಿನಗ?" ಎಂದು ಕೇಳಿದಳು. "ನೀ ಹುಟ್ಟೂಕಿಂತ ಮೊದಲಿಂದ ಬಿತ್ತೇನಿ" ಅಂದೆ. ಟವಲ್ ಹೆಗಲಿಗೆ ಹಾಕಿಕೊಂಡು ಹೊರಟೆ.

ಸಂಜೆ 6-30

ಆಯಿತು. ಹತ್ತು ಗುಂಟೆ ಕಡಲೆ. ಹೊಲ ಅಂದಾನಪ್ಪನದು. ಪ್ರದರ್ಶನದ ಬಯಲಿಗೆ ಹತ್ತಿಕೊಂಡಿರುವ ಎರೆಹೊಲ. ಹದ ಚೆನ್ನಾಗಿತ್ತು, ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗುತ್ತಿತ್ತು, ಬಿಟ್ಟರೆ ಒಡೆಯುತ್ತಿತ್ತು.

ಮನೆಯ ಹಳೆಯ ಕಬ್ಬಿಣದ ಸೇರು ಒಯ್ದಿದ್ದೆ. ಒಂದು ಡಬ್ಬಿಗೆ ಒಂದು ಸೇರು ಎಂದು ಲೆಕ್ಕ. "ಲಾಭ" ಎಂದು ಶುರು ಮಾಡಿದ್ದಕ್ಕೆ ಚಮನಸಾಬ ನಕ್ಕ. "ಇನ್ನೂ ಅದನ್ನ ಬಿಟ್ಟಿಲ್ಲೇನ್ರಿ ಅಜ್ಜಾರ?" ಎಲ್ಲಿ ಬಿಡುವುದು. ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನಬಾರದು, ಲಾಭ ಅನ್ನಬೇಕು. ಲಾಭ, ಎರಡು, ಮೂರು... ಆರು ಸೇರು ಅಳೆದೆ. ಸರಿಯಾಗಿ ಆರು.

ಇಪ್ಪತ್ತೈದು ವರ್ಷದ ಮೇಲೆ ಬಿತ್ತಲು ನಿಂತದ್ದು. ನಮ್ಮ ಹೊಲ ಡ್ಯಾಮಿನ ಮುಳುಗಡೆಯಲ್ಲಿ ನೀರಿನ ಕೆಳಗೆ ಹೋದ ಮೇಲೆ ಶಾಲೆಯ ಕ್ಲರ್ಕಿಕೆ, ಫೈಲು, ರಬ್ಬರ್ ಸ್ಟ್ಯಾಂಪು. ಮಣ್ಣಿನ ವಾಸನೆ ಬಂದಕೂಡಲೇ ಹೆಂಡತಿ ಗುರುಲಿಂಗವ್ವ ನೆನಪಾದಳು. ಬಿತ್ತುವ ದಿನ ಇಳಕಲ್ ಸೀರೆಯ ಸೆರಗು ಹಿಡಿದು ಬದುವಿನ ಮೇಲೆ ನಿಲ್ಲುತ್ತಿದ್ದಳು... ಹೋಗಿ ಎರಡು ವರ್ಷ ಆಯಿತು.

ಬಿತ್ತಿದ ಮೇಲೆ ಚಮನಸಾಬ ಮಷಿನ್ನನ್ನು ಹುನಗುಂದದ ವರ್ಕ್‌ಶಾಪಿಗೆ ಎಳೆದುಕೊಂಡು ಹೋದ. ಬಣ್ಣ ಹಚ್ಚುವುದಿದೆಯಂತೆ. ನಾನು ಬಸ್ಸಿಗೆ ಬಂದೆ. ಸ್ಟಾಪ್ ತಪ್ಪಲಿಲ್ಲ. ಬರೆದಿಟ್ಟಿದ್ದೇನೆ.

ಅಕ್ಟೋಬರ್ 7

ಟವಲ್ ಕಾಣಿಸುತ್ತಿಲ್ಲ. ಕೆಂಪಂಚಿನದು. ಎಲ್ಲಿ ಬಿಟ್ಟೆ? ಬಸ್ಸಿನಲ್ಲಿ? ಹೊಲದಲ್ಲಿ? ಪದ್ಮಶ್ರೀಗೆ ಹೇಳಲಿಲ್ಲ. ಟವಲ್ ಎಲ್ಲರೂ ಕಳೆದುಕೊಳ್ಳುತ್ತಾರೆ.

ಅಕ್ಟೋಬರ್ 13, ಸೋಮವಾರ. ಮಧ್ಯಾಹ್ನ 2-00

ಹೆದರಿಕೆಯಾಗಿದೆ. ನೆಟ್ಟಗೆ ಬರೆಯಲು ಬರುತ್ತಿಲ್ಲ.

ಪದ್ಮಶ್ರೀ ಜೊತೆ ಮೊಳಕೆ ನೋಡಲು ಹೋಗಿದ್ದೆ. ಕಡಲೆ ಎದ್ದಿದೆ. ಹಸಿರು ಚುಕ್ಕಿ ನೂಲು ಹಿಡಿದಂತೆ. ಅವಳು ಗಾಡಿಯಿಂದ ಇಳಿಯುವಷ್ಟರಲ್ಲಿ ನಾನು ಬದು ಹತ್ತಿ ನೋಡಿದೆ. ಹತ್ತು ಸಾಲು ಮೊಳಕೆ, ಎರಡು ಸಾಲು ಬಯಲು. ಮತ್ತೆ ಹತ್ತು ಸಾಲು, ಮತ್ತೆ ಎರಡು ಬಯಲು. ಕರ್ರಗೆ, ಏನೂ ಇಲ್ಲದೆ.

ಲೆಕ್ಕ ಹಾಕಲು ನಿಮಿಷ ಬೇಕಾಗಲಿಲ್ಲ. ಹೋಗುವಾಗಿನ ಬಲಗಡೆಯ ಕೊನೆಯ ಸಾಲು, ತಿರುಗಿ ಬರುವಾಗಿನ ಬಲಗಡೆಯ ಕೊನೆಯ ಸಾಲು ಅಕ್ಕಪಕ್ಕ ಬೀಳುತ್ತವೆ. ಅಂದರೆ ಆರನೆಯ ಡಬ್ಬಿ. ಆರನೆಯ ಡಬ್ಬಿ ಒಂದು ಕಾಳೂ ಬಿಟ್ಟಿಲ್ಲ.

ಪದ್ಮಶ್ರೀ ಬಂದಳು. ಅವಳ ಕಣ್ಣು ಅಲ್ಲೇ ಹೋಯಿತು. "ಅಪ್ಪಾ, ಇದೇನಿದು? ಎರಡೆರಡು ಸಾಲು ಖಾಲಿ ಅದಾವಲ್ಲ?"

ಅಷ್ಟರಲ್ಲಿ ಅಂದಾನಪ್ಪ ಹಿಂದಿನಿಂದ ಬಂದ. ಬಾಯಿತುಂಬ ಎಲೆ.

"ಏ ತಂಗಿ, ಮಷಿನ್ ಮಾಡಾಕ ಬರತೈತಿ, ಒಕ್ಕಲತನ ಗೊತ್ತಿಲ್ಲ ನಿನಗ. ಅಕ್ಕಡಿ ಬಿಟ್ಟಾರ ನಿಮ್ಮಪ್ಪ. ಕುಸುಬಿ ಹಾಕಾಕ. ಹತ್ತು ಸಾಲು ಕಡ್ಲಿ, ಎರಡು ಸಾಲು ಕುಸುಬಿ. ನಮ್ಮಪ್ಪನೂ ಹಿಂಗ ಬಿಡತಿದ್ದ. ಹೌದಿಲ್ರಿ ಸಂಗಯ್ಯನವರ?"

ತಲೆಯಾಡಿಸಿದೆ. ಹೌದು ಎಂದು ತಲೆಯಾಡಿಸಿಬಿಟ್ಟೆ.

ಅವಳ ಮುಖ ಅರಳಿತು. "ಅಪ್ಪಾ! ಒಂದು ಡಬ್ಬಿ ಖಾಲಿ ಬಿಟ್ಟೇನು ಬೇಕಂತ? ಇದು ನನ್ನ ತಲ್ಯಾಗ ಬಂದಿದ್ದಿಲ್ಲ ನೋಡು. ಅಕ್ಕಡಿ ಸಾಲು ಬಿಡೂ ಪ್ಲಾಂಟರ್! ಇದನ್ನ ಬೋರ್ಡಿನ ಮ್ಯಾಲೆ ಹಾಕಸೂಣು."

"ನನಗೂ ಹಿಂಗ ಬೇಕು," ಅಂದ ಅಂದಾನಪ್ಪ. "ಪ್ರದರ್ಶನ ಮುಗಿದ ಮರುದಿನ ನಿಮ್ಮ ಮಷಿನ್ ನನ್ನ ಎಂಟು ಎಕರೆಗೆ. ಹದ ಆರಾಕತ್ತೇತಿ, ಬ್ಯಾರೆ ಯಾವುದನ್ನೂ ನೋಡಂಗಿಲ್ಲ."

ನಾನು ಬೇಕೆಂದು ಬಿಟ್ಟಿಲ್ಲ. ಆರೂ ಡಬ್ಬಿ ತುಂಬಿದ್ದೆ. ತುಂಬಿದ್ದೆ ಅನ್ನಿಸುತ್ತದೆ. ಆರು ಸೇರು ಎಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೇನೆ. ಆರು ಡಬ್ಬಿ ಎಂದು ಬರೆದಿಲ್ಲ. ಈಗ ನೋಡಿದೆ.

ಸಂಜೆ 5-15

ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು ಪ್ಯಾಸಿವ್ ವಾಯ್ಸ್ ಕಲಿಸಿದ್ದರು. ದಿ ಬಾಕ್ಸ್ ವಾಸ್ ನಾಟ್ ಫಿಲ್ಡ್. ಮಾಡಿದವನ ಹೆಸರು ಹೇಳಲೇಬೇಕು ಎಂದಿಲ್ಲ. ಒಳ್ಳೆಯ ಭಾಷೆ ಅದು. ಹೆದರಿದವರಿಗಾಗಿಯೇ ಮಾಡಿದ ಭಾಷೆ.

ಇರುವುದು ಎರಡೇ. ಒಂದು, ಮಷಿನ್ ಕೆಟ್ಟಿದೆ, ಆರನೆಯ ಕೊಳವೆ ಕಟ್ಟಿಕೊಳ್ಳುತ್ತದೆ. ಇಲ್ಲ, ನನ್ನ ತಲೆ.

ಅಣ್ಣನ ಮರೆವು ಹೀಗೇ ಶುರುವಾಯಿತು. ಚಪ್ಪಲಿ ಎಲ್ಲಿಟ್ಟೆ, ಕನ್ನಡಕ ಎಲ್ಲಿಟ್ಟೆ. ಆಮೇಲೆ ನವನಗರದ ಮನೆಯಿಂದ ಹೊರಟು ಹಳೆ ಊರಿನ ಮನೆಗೆ ಹೋಗುತ್ತೇನೆ ಅನ್ನತೊಡಗಿದ. ಹಳೆ ಓಣಿ ನೀರಿನಲ್ಲಿದೆ ಅಂದರೆ ನಂಬುತ್ತಿರಲಿಲ್ಲ. ಎರಡು ಸಲ ಹಿನ್ನೀರಿನ ದಂಡೆಯಿಂದ ಹಿಡಿದು ತಂದೆವು. ಕೊನೆಗೆ ಅವನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿದರು. ಹಾಕಿಸಿದರು — ಇದೂ ಪ್ಯಾಸಿವ್. ನಾನೇ ಹಾಕಿದ್ದು. ಸ್ಕ್ರೂ ನಾನೇ ತಿರುವಿದ್ದು. ಒಳಗಿನಿಂದ ಅವನು ಕೇಳುತ್ತಿದ್ದ, "ಸಂಗ್ಯಾ, ಏನ್ ಮಾಡಾಕತ್ತಿ?" "ಏನಿಲ್ಲ, ಬಾಗಲಾ ಗಟ್ಟಿ ಮಾಡಾಕತ್ತೇನಿ" ಅಂದಿದ್ದೆ.

ನನ್ನ ಕೋಣೆಗೂ ಹೊರಗಡೆ ಅಂಥದೇ ಚಿಲಕ ಇದೆ. ಎಲ್ಲರ ಮನೆಯಲ್ಲೂ ಇರುತ್ತದೆ. ಇವತ್ತು ಹೋಗಿ ಮುಟ್ಟಿ ನೋಡಿದೆ. ಸರಾಗ ಜಾರುತ್ತದೆ. ಯಾರೋ ಎಣ್ಣೆ ಬಿಟ್ಟಿದ್ದಾರೆ.

ಅಕ್ಟೋಬರ್ 14, ಮಂಗಳವಾರ. ಬೆಳಿಗ್ಗೆ 9-40

ಒಬ್ಬನೇ ಗಾಡಿ ಹೊಡೆದುಕೊಂಡು ಹೊಲಕ್ಕೆ ಬಂದಿದ್ದೇನೆ. ಕಡ್ಡಿಯಿಂದ ಬಯಲು ಸಾಲು ಕೆದರಿದೆ. ನಾಲ್ಕು ಕಡೆ. ಕಾಳೇ ಇಲ್ಲ. ಕೊಳೆತದ್ದೂ ಇಲ್ಲ, ಹುಳ ತಿಂದ ಸಿಪ್ಪೆಯೂ ಇಲ್ಲ. ಬಿದ್ದೇ ಇಲ್ಲ.

ಮಧ್ಯಾಹ್ನ 12-30

ಹೊಳೆಯಿತು! ಬೀಜದ ಚೀಲ ಮನೆಯಲ್ಲೇ ಇದೆ. ಹತ್ತು ಸೇರು ಒಯ್ದಿದ್ದೆ. ಐದು ಡಬ್ಬಿ ಮಾತ್ರ ತುಂಬಿದ್ದರೆ ಚೀಲದಲ್ಲಿ ಐದು ಸೇರು ಉಳಿಯಬೇಕು. ಆರು ತುಂಬಿದ್ದರೆ ನಾಲ್ಕು.

ಪದ್ಮಶ್ರೀ ಸ್ನಾನಕ್ಕೆ ಹೋದಾಗ ಅಳೆದೆ. ಲಾಭ, ಎರಡು, ಮೂರು, ನಾಲ್ಕು. ತಳ ಕಂಡಿತು. ನಾಲ್ಕು!

ಹೆನ್ಸ್ ಪ್ರೂವ್ಡ್. ಆರು ಸೇರು ಹೋಗಿದೆ. ನನ್ನ ತಲೆ ನೆಟ್ಟಗಿದೆ. ಮಷಿನ್ ಕೆಟ್ಟಿದೆ. ಕೋಣೆಯಲ್ಲಿ ಒಬ್ಬನೇ ನಕ್ಕೆ. ಸದ್ದು ಮಾಡದೆ, ಬಾಯಿಗೆ ಕೈ ಹಿಡಿದುಕೊಂಡು.

ಮಧ್ಯಾಹ್ನ 3-00

ನಕ್ಕದ್ದು ಏತಕ್ಕೆ?

ಅವಳು ಡಿಪ್ಲೊಮಾ ಮುಗಿಸಿ, ಗಂಡನ ವೆಲ್ಡಿಂಗ್ ಶಾಪಿನಲ್ಲಿ ಕೂತು, ಮಗುವನ್ನು ಮಡಿಲಲ್ಲಿ ಹಾಕಿಕೊಂಡೇ ಡ್ರಾಯಿಂಗ್ ಬರೆದ ಮಷಿನ್. ಅದು ಕೆಟ್ಟಿದೆ ಎಂದು ಅಪ್ಪನಾದವನು ಬಾಯಿ ಮುಚ್ಚಿಕೊಂಡು ನಗುತ್ತಾನೆ.

ಅಂದಾನಪ್ಪನ ಎಂಟು ಎಕರೆಗೆ ಇದೇ ಮಷಿನ್ ಹೋಗುತ್ತದೆ. ಹಿಂಗಾರಿಗೆ ಎರೆಹೊಲದಲ್ಲಿ ಹದ ಇರುವುದು ಒಂದೇ ಬಿತ್ತನೆಗೆ. ತಪ್ಪಿದ ಸಾಲು ತಪ್ಪಿತು, ಮತ್ತೆ ಬಿತ್ತುವ ಹಾಗಿಲ್ಲ. ಇವತ್ತು ಆರನೆಯ ಕೊಳವೆ, ನಾಳೆ ಎರಡನೆಯದೂ ಕಟ್ಟಿಕೊಂಡರೆ? ಹೇಳಬೇಕು. ಹೇಗೆ ಹೇಳುವುದು? "ಅಕ್ಕಡಿ ಅಲ್ಲ, ನಿನ್ನ ಮಷಿನ್ ತಪ್ಪು" ಅಂದರೆ ಅವಳು ಮೊದಲು ನೋಡುವುದು ನನ್ನ ಮುಖವನ್ನು. "ಅಪ್ಪಾ, ನೀ ಡಬ್ಬಿ ತುಂಬಿದ್ಯೋ ಇಲ್ಲೋ? ಖರೆ ಹೇಳು." ಆಮೇಲೆ ಗಾಡಿಯ ಕೀಲಿ ಕೇಳುತ್ತಾಳೆ. ಆಮೇಲೆ ಡಾಕ್ಟರು. ಆಮೇಲೆ...

ಅಕ್ಟೋಬರ್ 16, ಗುರುವಾರ. ಹುನಗುಂದ ಬಸ್‌ಸ್ಟ್ಯಾಂಡ್, 4-20

ಮಷಿನ್ ನೋಡಲು ಬಂದಿದ್ದೆ. ಹಸಿರು ಬಣ್ಣ, ಡಬ್ಬಿಗೆ ಹಳದಿ. ಮದುಮಗನ ಹಾಗೆ ನಿಂತಿದೆ. ಪ್ರವೀಣಕುಮಾರ ಎದುರಿಗೇ ಬೋರ್ಡ್ ತೂಗುಹಾಕುತ್ತಿದ್ದ. "ಅಕ್ಕಡಿ ಸಾಲು ಬಿಡುವ ಪ್ಲಾಂಟರ್." ದೊಡ್ಡ ಅಕ್ಷರ.

ಬಿತ್ತಿ ಬಂದಾಗ ಡಬ್ಬಿಯಲ್ಲಿ ಕಾಳು ಉಳಿದಿತ್ತೇ ಎಂದು ಕೇಳಿದೆ. ಸುಮ್ಮನೆ ಕೇಳಿದಂತೆ ಕೇಳಿದೆ. "ಯಾರು ನೋಡ್ಯಾರ್ರೀ ಮಾವಾರ? ಎಲ್ಲಾ ತಿರುವಿ ಹಾಕಿ ನೀರು ಹೊಡದೇವಿ" ಅಂದ. ಆರನೆಯ ಕೊಳವೆಯಲ್ಲಿ ಬೆರಳು ಹಾಕಿದೆ. ಸ್ವಚ್ಛ. ಈಗ ಸ್ವಚ್ಛ. ಅವತ್ತು?

ಬೆರಳಿಗೆ ಹಸಿ ಬಣ್ಣ ಹತ್ತಿತು. ಈಗ ಬಸ್ಸು ಹತ್ತುವಾಗ ಹಿಡಿದುಕೊಳ್ಳುವ ಕಂಬಿಗೂ ಒರೆಸಿಬಿಟ್ಟೆ. ಕಂಡಕ್ಟರ್ ಬೈದ. ನಾಳೆ ನವನಗರದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ, ಮುದುಕ ಬಸ್ಸಿಗೆ ಬಣ್ಣ ಹಚ್ಚುತ್ತಾನೆ ಎಂದು.

ಅಕ್ಟೋಬರ್ 18, ಶನಿವಾರ. ಬೆಳಿಗ್ಗೆ 5-10

ಪ್ರದರ್ಶನ ಇವತ್ತು. ಗುಳಿಗೆ. ಗ್ಯಾಸ್. ಕನ್ನಡಕ ಮೂಗಿನ ಮೇಲೆ ಇದೆ, ಮುಟ್ಟಿ ನೋಡಿಕೊಂಡೆ.

ಹನ್ನೊಂದಕ್ಕೆ ಮಷಿನ್ ಓಡಿಸಿ ತೋರಿಸಬೇಕು. ಮೈಕು ಹಿಡಿದು ಹೇಳುವವನು ನಾನು. ಯಾರೋ ದೊಡ್ಡ ಆಫೀಸರ್ ಬರುತ್ತಾರಂತೆ, ಇಂಗ್ಲಿಷ್‌ನಲ್ಲೂ ನಾಲ್ಕು ಮಾತು ಹೇಳು ಅಂದಿದ್ದಾಳೆ. ಲೇಡೀಸ್ ಆಂಡ್ ಜೆಂಟಲ್‌ಮೆನ್ ವರೆಗೆ ಬರುತ್ತದೆ. ಮುಂದೆ ಕತ್ತಲೆ.

ಅದಲ್ಲ ಹೆದರಿಕೆ. ಅಕ್ಕಡಿ ತೋರಿಸಬೇಕಾದ್ದರಿಂದ ಇವತ್ತು ಆರನೆಯ ಡಬ್ಬಿ ಖಾಲಿ ಬಿಡುತ್ತಾರೆ. ಖಾಲಿ ಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮಗಳು ನಗುತ್ತಾಳೆ. ನಾನು ಉಳಿದುಕೊಳ್ಳುತ್ತೇನೆ. ಸೋಮವಾರ ಮಷಿನ್ ಅಂದಾನಪ್ಪನ ಹೊಲಕ್ಕೆ ಹೋಗುತ್ತದೆ.

ತುಂಬಿದರೆ ಗೊತ್ತಾಗುತ್ತದೆ. ಸಾಲು ಬೀಳದಿದ್ದರೆ ಐನೂರು ಜನರ ಮುಂದೆ ಅವಳ ಮಷಿನ್ ಸಾಯುತ್ತದೆ. ಬಿದ್ದರೆ, ಸಾಯುವುದು ನನ್ನ ತಲೆ.

ಸ್ನಾನ ಮಾಡಿ ವಿಭೂತಿ ಧರಿಸಿ ಕೈ ಮುಗಿದೆ. ಏನು ಬೇಡಿದೆ ಎಂದು ಬರೆಯಲೇಬೇಕು, ಇಲ್ಲದಿದ್ದರೆ ನಾಳೆ ಬೇರೆ ಏನೋ ಬೇಡಿದೆ ಅಂದುಕೊಂಡುಬಿಡುತ್ತೇನೆ. ಮಗಳ ಮಷಿನ್ ಕೆಟ್ಟಿರಲಿ ಎಂದು ಬೇಡಿದೆ.

ಮಧ್ಯಾಹ್ನ 1-45. ಟ್ರಾಲಿಯ ನೆರಳಿನಲ್ಲಿ

ಆದದ್ದು ಆದಂತೆ ಬರೆಯುತ್ತೇನೆ. ಬಿಟ್ಟುಹೋಗಬಾರದು.

ಜನ ಜಾತ್ರೆಗಿಂತ ಹೆಚ್ಚು. ಒಂದು ಕಡೆ ಡ್ರೋನು, ಇನ್ನೊಂದು ಕಡೆ ಕಳೆ ತೆಗೆಯುವ ಯಂತ್ರ, ಮಿರ್ಚಿ ಭಜಿ ಹೊಗೆ. ನಮ್ಮ ಪಟ್ಟಿಗೆ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಮೊಳಕೆಯ ಹೊಲ, ಈಚೆ ಬಿತ್ತಲು ಹರಗಿಟ್ಟ ಮಣ್ಣು. ಮೈಕು ಕೈಯಲ್ಲಿ ಹಿಡಿಯುವುದಲ್ಲ, ಕೊರಳಿಗೆ ನೇತುಹಾಕಿದರು. ಹಾಕಿದ್ದನ್ನು ಎರಡೇ ನಿಮಿಷದಲ್ಲಿ ಮರೆತೆ.

ಪದ್ಮಶ್ರೀ ಚೀಲ ಬಿಚ್ಚಿ ಹಿಡಿದಳು. ನಾನು ಸೇರಿನಿಂದ ತುಂಬುತ್ತಾ ಹೋದೆ. ಮೊದಲನೆಯ ಡಬ್ಬಿ. ಎರಡನೆಯದು. ಐದಾಯಿತು. ಅವಳು ಚೀಲದ ಬಾಯಿ ಮಡಚಿದಳು.

"ತೆರಿ," ಅಂದೆ.

"ಸಾಕಪಾ. ಆರನೇದು ಅಕ್ಕಡಿ."

"ತೆರಿಯವಾ. ಅಕ್ಕಡಿ ಅಲ್ಲ ಅದು. ನಾ ಬೇಕಂತ ಬಿಟ್ಟಿದ್ದಿಲ್ಲ. ನನ್ನ ಲೆಕ್ಕದಾಗ ಆರೂ ತುಂಬಿದ್ದೆ. ಬಿದ್ದದ್ದು ಐದು. ಮಷಿನ್ ತಪ್ಪೋ, ನನ್ನ ತಲಿ ತಪ್ಪೋ ನನಗ ತಿಳಿವಲ್ದು. ಅಂದಾನಪ್ಪನ ಎಂಟು ಎಕರೆ ಐತಿ. ತೆರಿ."

ನನ್ನ ದನಿ ಎಲ್ಲ ಕಡೆಯಿಂದ ತಿರುಗಿ ಬಂತು. ನಾಲ್ಕು ಕಂಬದ ನಾಲ್ಕು ಸ್ಪೀಕರ್. ತಲಿ ತಪ್ಪೋ, ತಪ್ಪೋ, ತಪ್ಪೋ. ಭಜಿ ಕರಿಯುವವನೂ ಜಾಲರಿ ಹಿಡಿದು ನೋಡುತ್ತಿದ್ದ.

ಪದ್ಮಶ್ರೀ ಮುಖ ಬಿಳಿಚಿತು. ಅವಳಮ್ಮನ ಮುಖ. ಚೀಲ ತೆರೆದಳು. ಆರನೆಯ ಸೇರು ಅವಳೇ ತೆಗೆದುಕೊಂಡು ಆರನೆಯ ಡಬ್ಬಿಗೆ ಸುರಿದಳು.

"ಹೊಡಿಯೋ ಚಮನಸಾಬ" ಅಂದಳು.

ಟ್ರ್ಯಾಕ್ಟರ್ ಹೋಯಿತು. ಹಿಂದೆ ನಡೆದೆ. ಬೀಳದಿರಲಿ, ಬೀಳದಿರಲಿ ಎಂದು ಒಳಗೆ ಯಾರೋ ಅನ್ನುತ್ತಿದ್ದರು. ತುದಿಯಲ್ಲಿ ನಿಂತಿತು. ಬಗ್ಗಿ ಕೆದರುವ ಧೈರ್ಯ ನನಗಾಗಲಿಲ್ಲ. ಅಂದಾನಪ್ಪ ಹಗ್ಗ ದಾಟಿ ಬಂದು, ಧೋತರ ಎತ್ತಿಕಟ್ಟಿ, ಆರನೆಯ ಸಾಲಿನಲ್ಲಿ ಮೊಣಕಾಲೂರಿದ. ಬೆರಳಿನಿಂದ ಮಣ್ಣು ಸರಿಸಿದ.

"ಐತಿ," ಅಂದ. ಗೇಣು ಮುಂದೆ ಹೋಗಿ ಸರಿಸಿದ. "ಇಲ್ಲೂ ಐತಿ." ಮೊಣಕಾಲಿನ ಮೇಲೇ ಸಾಲಿನುದ್ದಕ್ಕೂ ಹೋದ. "ಮುತ್ತು ಪೋಣಿಸಿದಂಗ ಬಿದ್ದಾವಲೇ! ಮಷಿನ್ ಬಂಗಾರ ಐತಿ. ಸಂಗಯ್ಯನವರ, ನೀವು ಡಬ್ಬಿ ತುಂಬಾಕ ಮರತೀರಿ ನೋಡ್ರಿ!"

ಜನ ನಕ್ಕರು. ಕೆಟ್ಟ ನಗುವಲ್ಲ. ಆಮೇಲೆ ಚಪ್ಪಾಳೆ ಹೊಡೆದರು. ತನ್ನ ಮಷಿನ್ನನ್ನು ಎಲ್ಲರೆದುರು ಹೀಗೆ ಪರೀಕ್ಷೆಗೆ ಹಚ್ಚಿದವರನ್ನು ನೋಡಿಲ್ಲ ಎಂದು ಆಫೀಸರ್ ಪದ್ಮಶ್ರೀ ಕೈ ಕುಲುಕಿದರು. ಹೆಸರು ಬರೆಸಲು ಜನ ಮುತ್ತಿದರು. ಪ್ರವೀಣಕುಮಾರ ಬೋರ್ಡಿನಿಂದ ಅಕ್ಕಡಿ ಅನ್ನುವ ಮಾತು ಹರಿದು ಹಾಕಿದ.

ಐನೂರು ಜನ ಚಪ್ಪಾಳೆ ಹೊಡೆದದ್ದು ಏತಕ್ಕೆ? ನನ್ನ ತಲೆ ಕೆಟ್ಟಿದೆ ಎಂಬುದಕ್ಕೆ. ನಾನೂ ಹೊಡೆದೆ. ಎಲ್ಲರೂ ಹೊಡೆಯುವಾಗ ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲ.

ಆದರೆ ಚೀಲದಲ್ಲಿ ನಾಲ್ಕು ಸೇರು. ಆರು ಅಳೆದದ್ದು ಖರೆ. ಆರನೆಯ ಸೇರು ಎಲ್ಲಿ ಹೋಯಿತು?

2-30

ಚಮನಸಾಬ ಬಂದಿದ್ದ. ಸಕ್ಕರೆ ಹೆಚ್ಚಾದ ಚಹಾ ಕೈಗಿಟ್ಟ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಬಗಲಲ್ಲಿ ಒಂದು ಗಂಟು. ಕೆಂಪಂಚಿನ ಟವಲ್.

"ಅಜ್ಜಾರ, ಸಿಟ್ಟಾಗಬ್ಯಾಡ್ರಿ. ನಿಮಗ ನೆನಪೈತಿ ಅಂತ ನಾ ಸುಮ್ಮನಿದ್ದೆ. ಮೈಕಿನ್ಯಾಗ ನೀವು ಹಂಗ ಅಂದ ಮ್ಯಾಲೆ ಎದಿ ಝಲ್ ಅಂತು ನನಗ."

"ಏನು?"

"ಅವತ್ತು ಮೊದಲನೇ ಸೇರು ನೀವು ಡಬ್ಬಿಗೆ ಹಾಕಲಿಲ್ರಿ. ಲಾಭ ಅಂದ್ರಿ, ಟವಲ್ ಹಾಸಿ ಅದರಾಗ ಸುರುವಿದ್ರಿ. ಗಂಟು ಕಟ್ಟಿ ನನ್ನ ಕೈಯಾಗ ಕೊಟ್ರಿ. ಎರಡು ಅನ್ನಕೋತ ಮೊದಲನೇ ಡಬ್ಬಿ ತುಂಬಾಕ ಹತ್ತಿದ್ರಿ."

ಕಾಳು ಗಂಟಿನಲ್ಲೇ ಇವೆ. ಒಂದು ಸೇರು. ಅಳೆಯಬೇಕಿಲ್ಲ.

ಎಲ್ಲ ಕೂಡಿಕೊಂಡಿತು. ಲಾಭ ಟವಲಿಗೆ, ಎರಡು ಮೊದಲನೆಯ ಡಬ್ಬಿಗೆ, ಆರು ಐದನೆಯ ಡಬ್ಬಿಗೆ. ಬಾಯಲ್ಲಿ ಆರು ಬಂತು, ಕೈ ನಿಂತಿತು. ಕೈ ತಪ್ಪಿಲ್ಲ. ಅದು ನಮ್ಮ ಮನೆಯ ರೂಢಿ. ಅಪ್ಪನ ಕಾಲದಿಂದ ಬಂದದ್ದು. ಬಿತ್ತುವ ದಿನ ಲಾಭದ ಸೇರು ನೆಲಕ್ಕಲ್ಲ, ಮನೆಯಾಕೆಯ ಉಡಿಗೆ. ಗುರುಲಿಂಗವ್ವ ಸೆರಗು ಹಿಡಿಯುತ್ತಿದ್ದಳು, ಸುರಿಯುತ್ತಿದ್ದೆ, "ಸಾಕ್ ಸಾಕ್, ಸೀರಿ ಜಗ್ಗತೈತಿ" ಅನ್ನುತ್ತಿದ್ದಳು. ಇಪ್ಪತ್ತೈದು ವರ್ಷ ಬಿತ್ತದಿದ್ದರೂ ಕೈ ಮರೆತಿರಲಿಲ್ಲ. ನಾನು ಮರೆತಿದ್ದೆ.

ಹಗುರವಾಯಿತು. ಚಹಾ ಕುಡಿದೆ. "ಅಷ್ಟ ಅಲ್ಲೇನೋ," ಅಂದೆ. "ನಮ್ಮ ಮನಿ ಪದ್ಧತಿ ಅದು."

ಅವನು ನೆಲ ಕೆರೆಯುತ್ತಾ ಕೂತ.

"ಇನ್ನೇನೈತಿ? ಹೇಳೋ," ಅಂದೆ.

"ಗಂಟು ಕೊಡುವಾಗ ಒಂದು ಮಾತು ಅಂದ್ರಿ. 'ನಮ್ಮಾಕಿ ಬದುವಿನ ಮ್ಯಾಲೆ ಬಿಸಲಾಗ ನಿಂತಾಳ, ಉಡ್ಯಾಗ ಹಾಕಿ ಬಾ' ಅಂದ್ರಿ."

"ಬದುವಿನ ಮ್ಯಾಲೆ ಯಾರಿದ್ರು?"

"ಯಾರೂ ಇದ್ದಿಲ್ರಿ ಅಜ್ಜಾರ. ನಾ ಹೋಗಿ ನಿಂತು, ಸ್ವಲ್ಪ ಹೊತ್ತು ಬಿಟ್ಟು ಬಂದೆ. ಟೂಲ್ ಬಾಕ್ಸಿನಾಗ ಇಟ್ಟೆ. ಕೊಟ್ಯಾ ಅಂತ ಕೇಳಿದ್ರಿ. ಕೊಟ್ಟೆ ಅಂದೆ."

ನೆನಪಿಲ್ಲ. ಒಂದು ಅಕ್ಷರವೂ ನೆನಪಿಲ್ಲ. ಆ ದಿನದ ಪುಟ ತೆರೆದು ಮತ್ತೆ ಓದಿದೆ. ಮಣ್ಣಿನ ಹದ ಇದೆ, ಬಸ್ಸು ಇದೆ, ಸ್ಟಾಪ್ ಇದೆ. ಇದು ಇಲ್ಲ. ಹಾಗಾದರೆ ಬರೆಯದೆ ಉಳಿದದ್ದು ಇನ್ನೆಷ್ಟು?

ಸಂಜೆ 7-20

ಪದ್ಮಶ್ರೀಗೆ ಹೇಳಿದೆ. ಗಾಡಿಯ ಹಿಂದೆ ಕೂತು, ಅವಳ ಬೆನ್ನಿಗೆ ಹೇಳಿದೆ. ಮುಖಕ್ಕೆ ಹೇಳಲು ಆಗುತ್ತಿರಲಿಲ್ಲ. ಅಕ್ಕಡಿ ಎಂದು ತಲೆಯಾಡಿಸಿದ್ದು, ಚೀಲ ಅಳೆದದ್ದು, ಲಾಭದ ಸೇರು, ಬದುವಿನ ಮೇಲೆ ನಿಂತವಳು. ಬೇಡಿಕೊಂಡದ್ದನ್ನೂ ಹೇಳಿದೆ. ಅದನ್ನು ಬಿಡಬಹುದಿತ್ತು.

ಗಾಳಿಗೆ ಕೇಳಿಸಿತೋ ಇಲ್ಲವೋ. ಮನೆ ಬಂದ ಮೇಲೆ ಗಾಡಿ ನಿಲ್ಲಿಸಿದಳು. ಟವಲಿನ ಗಂಟು ನನ್ನ ಕೈಯಿಂದ ತೆಗೆದುಕೊಂಡಳು. ಗಾಡಿಯ ಕೀಲಿಯೂ ಅವಳ ಹತ್ತಿರವೇ ಇದೆ. ಊಟಕ್ಕೆ ಬಡಿಸಿದಳು. ಪ್ರವೀಣಕುಮಾರ ಎಷ್ಟು ಹೆಸರು ಬಂದವು ಎಂದು ಹೇಳುತ್ತಿದ್ದ. ಅವಳು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು. ರೊಟ್ಟಿ ಮುರಿಯುವುದು ಮರೆತಿದ್ದಾನೋ ಎಂಬಂತೆ.

ಅಣ್ಣನ ತಟ್ಟೆಯನ್ನು ನಾನೂ ಹಾಗೇ ನೋಡುತ್ತಿದ್ದೆ.

ಅಕ್ಟೋಬರ್ 19, ಭಾನುವಾರ. ಬೆಳಿಗ್ಗೆ 5-35

ಪ್ರದರ್ಶನದ ಎರಡನೆಯ ದಿನ. ಯಾರೂ ಎಬ್ಬಿಸಲಿಲ್ಲ. ನಾನೇ ಎದ್ದು ಅಂಗಿ ತೊಟ್ಟು ಕೂತಿದ್ದೇನೆ. ಹೊರಗೆ ಓಡಾಟ ಕೇಳುತ್ತಿದೆ.

ಈಗ ಚಿಲಕದ ಸದ್ದಾಯಿತು. ನನ್ನ ಬಾಗಿಲಿನದೋ? ಎಣ್ಣೆ ಬಿಟ್ಟ ಚಿಲಕ ಇಷ್ಟು ಸದ್ದು ಮಾಡುವುದಿಲ್ಲ. ಅಥವಾ ಮಾಡುತ್ತದೆ. ಅಣ್ಣನ ಬಾಗಿಲಿನದು ಹೇಗೆ ಕೇಳುತ್ತಿತ್ತು ಎಂದು ನನಗೆ ಗೊತ್ತಿಲ್ಲ. ನಾನು ಹೊರಗಿದ್ದೆ.

ಎದ್ದು ದೂಡಿ ನೋಡಿದರೆ ಮುಗಿಯಿತು. ನಾಲ್ಕು ಹೆಜ್ಜೆ. ಕೂತು ಬರೆಯುತ್ತಿದ್ದೇನೆ. ಅಫ್ರೇಡ್. ಐ ಆಮ್ ಅಫ್ರೇಡ್. ಇದು ಆಕ್ಟಿವ್ ವಾಯ್ಸ್.

6-05

ದೂಡಿದೆ. ತೆರೆಯಿತು.

ಕಪಾಟಿನ ಸದ್ದು ಅದು. ಪದ್ಮಶ್ರೀ ಅವ್ವನ ಕಪಾಟು ತೆರೆದು ಇಳಕಲ್ ಸೀರೆ ಉಟ್ಟಿದ್ದಳು. ಕೈಯಲ್ಲಿ ಸೇರು. ರಾತ್ರಿ ಅತ್ತಿರಬೇಕು, ಕಣ್ಣು ಊದಿವೆ. ಮಾತು ಮಾತ್ರ ದಿನದ್ದೇ.

"ಎಷ್ಟೊತ್ತಪಾ ನಿಂದು? ಚಮನಸಾಬ ಎರಡು ಸಲ ಫೋನ್ ಮಾಡಿದ. ಇವತ್ತ ಏಳು ಸೇರು ಅಳಿಬೇಕು. ತಿಳೀತಿಲ್ಲೋ? ಲಾಭ ನನ್ನ ಉಡ್ಯಾಗ. ಆಮ್ಯಾಲೆ ಆರು, ಡಬ್ಬಿಗೆ. ನೀ ಬಾಯಿಲೆ ಅನ್ನು, ನಾ ಬೆರಳಾಗ ಎಣಸತೇನಿ. ಮುಂದಿನ ವಾರ ಮತ್ತ ಡಾಕ್ಟರ ಕಡೆ ಹೋಗೂಣು, ಅದೂ ಬರಕೋ." ಬಾಗಿಲ ತನಕ ಹೋಗಿ ತಿರುಗಿದಳು. "ಗ್ಯಾಸ್ ಬಂದ್ ಐತಿ. ನೋಡಾಕ ಹೋಗಬ್ಯಾಡ." ಈ ಸಲ ನಕ್ಕಳು. ಅರ್ಧ.

ಅವಳು ಆ ಸೀರೆಯಲ್ಲಿ ಬದುವಿನ ಮೇಲೆ ನಿಂತರೆ ನಾನು ಯಾರನ್ನು ನೋಡುತ್ತೇನೆ? ಏನೆಂದು ಕರೆಯುತ್ತೇನೆ? ಹೆದರಿಕೆಯಾಗುತ್ತಿದೆ. ಮೊದಲೇ ಬರೆದಿಟ್ಟುಕೊಂಡು ಜೇಬಿನಲ್ಲಿ ಒಯ್ಯುತ್ತೇನೆ. ಸೀರೆಯಲ್ಲಿ ಇರುವವಳು ಪದ್ಮಶ್ರೀ. ಮಗಳು.

ಲಾಭ — ಪದ್ಮಶ್ರೀ ಉಡಿಗೆ.
ಎರಡು — ಮೊದಲನೆಯ ಡಬ್ಬಿಗೆ.
ಮೂರು — ಎರಡನೆಯ ಡಬ್ಬಿಗೆ.
ನಾಲ್ಕು — ಮೂರನೆಯದಕ್ಕೆ.
ಐದು — ನಾಲ್ಕನೆಯದಕ್ಕೆ.
ಹಾರ್ನ್ ಹೊಡೆಯುತ್ತಿದ್ದಾಳೆ. ಬಂದೆ, ಬಂದೆ.
ಆರು —